ಯಾರಾಗಿ ಕೇಳಿದ್ದು?

ಗಣಿತದ ಲೆಕ್ಕ ಮಾಡಿಕೊಡುವ ಮ್ಯಾಥಮ್ಯಾಟಿಕಾ ಅಗ್ಗದ ತಂತ್ರಾಂಶವಲ್ಲ. ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು ದುಡ್ಡು ತೆತ್ತು ಪರವಾನಗಿ ಪಡೆದು ಬಳಸುವಂಥದ್ದು. ಅದನ್ನು ವುಲ್ಫ್‌ರಾಮ್ ಕಂಪನಿ 2013ರ ನವೆಂಬರಿನಲ್ಲಿ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಪುಕ್ಕಟೆಯಾಗಿ ಕೊಟ್ಟಿತು. ಸ್ವಂತಕ್ಕೆ ಬಳಸಿಕೊಳ್ಳಿ, ವ್ಯಾಪಾರಕ್ಕೆ ಬೇಡ ಎಂಬುದಷ್ಟೇ ಷರತ್ತು. ಕೀಲಿಸಂಖ್ಯೆ ಟೈಪು ಮಾಡುವ ಗೋಜಿಲ್ಲ. ಮೆನುವಿನಲ್ಲಿ ಅದರ ಚಿತ್ರ ಒತ್ತಿದರೆ ತೆರೆದುಕೊಳ್ಳುತ್ತದೆ.

ಆದರೆ ಅದೇ ಬೋರ್ಡಿನಲ್ಲಿ ಅದೇ ತಂತ್ರಾಂಶವನ್ನು ಒಂದು ವೆಬ್ ಪುಟದ ಹಿಂದೆ ನಿಲ್ಲಿಸಿ ಓಡಿಸಲು ಹೊರಟವರಿಗೆ ಬೇರೆಯೇ ಅನುಭವ. ಟರ್ಮಿನಲ್ ತೆರೆದು ಕೈಯಾರೆ ಓಡಿಸಿದಾಗ ಲೆಕ್ಕ ಮಾಡಿಕೊಟ್ಟದ್ದು, ವೆಬ್ ಸರ್ವರ್ ಮೂಲಕ ಕರೆದರೆ 'ಆ್ಯಕ್ಟಿವೇಟ್ ಮಾಡಿ' ಎನ್ನುತ್ತದೆ. ಕೀಲಿಯೇ ಇಲ್ಲದ ಪುಕ್ಕಟೆ ಸರಕು ಕೀಲಿ ಕೇಳುತ್ತಿದೆ! ಇಂಥ ಹೊತ್ತಿನಲ್ಲಿ ಮನುಷ್ಯ ಏನು ಮಾಡುತ್ತಾನೆಂಬುದು ಊಹಿಸಲು ಕಷ್ಟವಲ್ಲ. ತೆರೆಯ ಮೇಲೆ ಬಂದ ಮಾತನ್ನು ನಂಬುತ್ತಾನೆ. ಕೀಲಿಸಂಖ್ಯೆ ಹುಡುಕುತ್ತಾನೆ. ಸಿಗದಿದ್ದರೆ ತಂತ್ರಾಂಶವನ್ನು ತೆಗೆದು ಮತ್ತೆ ಹಾಕುತ್ತಾನೆ. ಅದೂ ಆಗದಿದ್ದರೆ ಎಸ್‌ಡಿ ಕಾರ್ಡನ್ನೇ ಅಳಿಸಿ ಮೊದಲಿನಿಂದ ಬರೆಯುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಇಷ್ಟೂ ಹೊತ್ತು ಪೆಟ್ಟು ತಿನ್ನುವುದು ಏನೂ ಆಗದೆ ಸುಮ್ಮನಿದ್ದ ಭಾಗ.

ನಿಜವಾಗಿ ನಡೆದದ್ದು ಇಷ್ಟು. ತಾನು ಪುಕ್ಕಟೆಯಾಗಿ ಓಡಬಹುದೇ ಎಂದು ನಿರ್ಧರಿಸಲು ತಂತ್ರಾಂಶಕ್ಕೆ ಒಂದು ವಿಷಯ ತಿಳಿಯಬೇಕು: ತಾನಿರುವುದು ಪೈ ಬೋರ್ಡಿನ ಮೇಲೆಯೇ? ಅದನ್ನು ತಿಳಿಯಲು ಬೋರ್ಡಿನ ಗ್ರಾಫಿಕ್ಸ್ ಭಾಗವನ್ನು ವಿಚಾರಿಸಬೇಕು. ವಿಚಾರಿಸುವ ದಾರಿ 'ಡೆವ್' ಕೋಶದೊಳಗಿನ ವಿಸಿಎಚ್‌ಐಕ್ಯೂ ಎಂಬ ಸಾಧನದ ಫೈಲು. ಆ ಫೈಲನ್ನು ತೆರೆಯುವ ಹಕ್ಕು ಎಲ್ಲ ಹಕ್ಕೂ ಇರುವ ಬಳಕೆದಾರನಾದ ರೂಟ್‌ಗೆ ಮತ್ತು 'ವಿಡಿಯೊ' ಎಂಬ ಗುಂಪಿನವರಿಗೆ ಮಾತ್ರ. ನಾವು ಲಾಗಿನ್ ಆಗುವ ಮಾಮೂಲು ಬಳಕೆದಾರ ಆ ಗುಂಪಿನಲ್ಲಿ ಮೊದಲಿನಿಂದ ಇರುತ್ತಾನೆ. ವೆಬ್ ಸರ್ವರಿಗೆಂದೇ ಇರುವ, ಉದ್ದೇಶಪೂರ್ವಕವಾಗಿ ಕೈಕಟ್ಟಿಟ್ಟ ಬಳಕೆದಾರ ಅದರಲ್ಲಿಲ್ಲ. ಫೈಲು ತೆರೆಯಲಿಲ್ಲ, ಬೋರ್ಡಿನ ಗುರುತು ಸಿಗಲಿಲ್ಲ. 'ಹಾಗಾದರೆ ಇದು ಪೈ ಅಲ್ಲ, ಕೀಲಿ ತನ್ನಿ' ಎಂದಿತು ತಂತ್ರಾಂಶ. ಆ್ಯಕ್ಟಿವೇಶನ್ ತೊಂದರೆಯ ವೇಷದಲ್ಲಿ ಬಂದದ್ದು ಪರ್ಮಿಶನ್ ತೊಂದರೆ.

ಈ ಗ್ರಾಫಿಕ್ಸ್ ಭಾಗದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಬೋರ್ಡಿನ ನಿಜವಾದ ಯಜಮಾನ ಅದೇ. ನಮ್ಮ ಮಾಮೂಲು ಕಲ್ಪನೆಯಲ್ಲಿ ಪ್ರೊಸೆಸರ್ ದೊಡ್ಡದು, ಗ್ರಾಫಿಕ್ಸ್ ಅದರ ಸೇವಕ. ಹಳೆಯ ಪೈಗಳಲ್ಲಿ ಇದು ತಿರುಗುಮುರುಗು. ಕರೆಂಟು ಕೊಟ್ಟೊಡನೆ ಮೊದಲು ಎಚ್ಚರಗೊಳ್ಳುವುದು ವಿಡಿಯೊಕೋರ್ ಎಂಬ ಗ್ರಾಫಿಕ್ಸ್ ಘಟಕ. ಅದು ಎಸ್‌ಡಿ ಕಾರ್ಡಿನಿಂದ ತನ್ನ ಫರ್ಮ್‌ವೇರನ್ನು ಓದಿಕೊಂಡು, ಕಾನ್ಫಿಗ್ ಫೈಲಿನಲ್ಲಿ ಏನಿದೆ ನೋಡಿಕೊಂಡು, ಮೆಮೊರಿಯಲ್ಲಿ ತನ್ನ ಪಾಲು ಎತ್ತಿಟ್ಟುಕೊಂಡು, ಆಮೇಲೆ ಆರ್ಮ್ ಪ್ರೊಸೆಸರನ್ನು ಎಬ್ಬಿಸುತ್ತದೆ. ಬೋರ್ಡನ್ನು ನಡೆಸುವ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಕಣ್ಣು ಬಿಡುವುದು ಇದೆಲ್ಲ ಮುಗಿದ ಮೇಲೆ. ಒಮ್ಮೆ ಬರೆದರೆ ಅಳಿಸಲಾಗದ ಪುಟ್ಟ ಜಾಗದಲ್ಲಿ ಬೋರ್ಡಿನ ಸೀರಿಯಲ್ ನಂಬರು ಕೂತಿರುತ್ತದೆ, ಅದನ್ನು ಮೊದಲು ಬಲ್ಲದ್ದೂ ಈ ಯಜಮಾನನೇ. ರೂಟ್ ಎಂದರೆ ಸರ್ವಾಧಿಕಾರಿ ಎಂದು ತಿಳಿದಿರುವ ನಮಗೆ, ರೂಟ್‌ಗಿಂತ ಮೊದಲೇ ಎದ್ದು ಎಲ್ಲ ತೀರ್ಮಾನ ಮಾಡಿ ಮುಗಿಸಿದವನೊಬ್ಬ ಇದ್ದಾನೆ ಎಂಬುದು ತಬ್ಬಿಬ್ಬು ಮಾಡುವ ಸಂಗತಿ.

ಇದೇ ಯಜಮಾನನ ಹತ್ತಿರ ಇನ್ನೊಂದು ಹಳೆಯ ಲೆಕ್ಕವಿತ್ತು. 2012ರ ಫೆಬ್ರುವರಿ 29ರಂದು ಮೊದಲ ಪೈ ಮಾರಾಟಕ್ಕೆ ಬಂದಾಗ ಬೆಲೆ 35 ಡಾಲರ್. ಅದರ ಚಿಪ್ಪಿನಲ್ಲಿ ಎಂಪೆಗ್-2 ವಿಡಿಯೊ ಬಿಡಿಸುವ ಯಂತ್ರಾಂಶ ಅದಾಗಲೇ ಇತ್ತು. ಡಿವಿಡಿಗಳಲ್ಲಿ ಇರುವುದು ಈ ಬಗೆಯ ವಿಡಿಯೊ. ಪೇಟೆಂಟುದಾರರಿಗೆ ಪ್ರತಿ ಬೋರ್ಡಿನ ಮೇಲೂ ಶುಲ್ಕ ಕಟ್ಟಿದರೆ ಬೆಲೆ ಏರುತ್ತಿತ್ತು, ಆದ್ದರಿಂದ ಅದಕ್ಕೆ ಬೀಗ ಹಾಕಿ ಮಾರಿದರು. ಅದೇ ವರ್ಷ ಆಗಸ್ಟಿನಲ್ಲಿ, ಬೇಕಾದವರು ಕೀಲಿ ಕೊಳ್ಳಿ ಎಂದರು: ಎಂಪೆಗ್-2ಕ್ಕೆ 2 ಪೌಂಡ್ 40 ಪೆನ್ಸ್, ಮೈಕ್ರೊಸಾಫ್ಟ್ ಮೂಲದ ವಿಸಿ-1ಕ್ಕೆ 1 ಪೌಂಡ್ 20 ಪೆನ್ಸ್. ಕೊಳ್ಳುವಾಗ ಬೋರ್ಡಿನ ಸೀರಿಯಲ್ ನಂಬರು ಕೊಡಬೇಕು. ಬಂದ ಕೀಲಿಯನ್ನು ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲಾಗಿ ಬರೆದು ಬೋರ್ಡನ್ನು ಮತ್ತೆ ಚಾಲೂ ಮಾಡಿದರೆ ಬೀಗ ತೆರೆಯಿತು. ಕಾರ್ಡನ್ನು ಕಿತ್ತು ಪಕ್ಕದ ಬೋರ್ಡಿಗೆ ಹಾಕಿದಿರೋ, ಕೀಲಿ ಕಣ್ಣೆದುರೇ ಇದ್ದರೂ ಕೆಲಸಕ್ಕೆ ಬಾರದು. ಸೀರಿಯಲ್ ನಂಬರು ಬೇರೆ.

ತಮಾಷೆಯೆಂದರೆ ಆ ಕೀಲಿ ಇರುತ್ತಿದ್ದ ಜಾಗ. ಕಾರ್ಡಿನ ಬೂಟ್ ಭಾಗ ಫ್ಯಾಟ್ ಎಂಬ ಹಳೆಯ ಶೈಲಿಯಲ್ಲಿರುತ್ತದೆ. ಫ್ಯಾಟ್‌ಗೆ ಮಾಲೀಕ, ಗುಂಪು, ಪರ್ಮಿಶನ್ ಎಂಬ ಯಾವ ಕಟ್ಟುಪಾಡೂ ಗೊತ್ತಿಲ್ಲ. ಕಾರ್ಡನ್ನು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ ಯಾರು ಬೇಕಾದರೂ ಓದಬಹುದು. ಕಾಸು ಕೊಟ್ಟು ಕೊಂಡ ಅಪ್ಪಣೆಪತ್ರವನ್ನು ಇಟ್ಟದ್ದು ಅಪ್ಪಣೆಯ ಪರಿವೆಯೇ ಇಲ್ಲದ ಕೋಣೆಯಲ್ಲಿ. ಆದರೂ ಅದನ್ನು ಕದ್ದು ಪ್ರಯೋಜನವಿರಲಿಲ್ಲ. ಎಂಪೆಗ್-2ರ ಅಮೆರಿಕದ ಪೇಟೆಂಟುಗಳು 2018ರಲ್ಲಿ ಮುಗಿದವು. ಚಿಪ್ಪಿನ ಸಾಮರ್ಥ್ಯ ಮೊದಲ ದಿನವೂ ಅಷ್ಟೇ ಇತ್ತು, ಕೊನೆಯ ದಿನವೂ ಅಷ್ಟೇ. ಬದಲಾದದ್ದು ಕಾನೂನಿನ ಕ್ಯಾಲೆಂಡರು.

ಒಟ್ಟಿನಲ್ಲಿ ಆ್ಯಕ್ಟಿವೇಶನ್ ಎಂಬುದು 'ಇದು ಯಾವ ಯಂತ್ರ?' ಎಂದು ಕೇಳುತ್ತದೆ. ಪರ್ಮಿಶನ್ 'ಕೇಳುತ್ತಿರುವವನು ಯಾರು?' ಎಂದು ಕೇಳುತ್ತದೆ. ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕದೆ ಮೊದಲನೆಯದಕ್ಕೆ ಉತ್ತರವೇ ಸಿಗದ ಸ್ಥಿತಿಗಳಿವೆ, ಮ್ಯಾಥಮ್ಯಾಟಿಕಾದ್ದು ಅಂಥದ್ದು. ಈ ಎರಡನೆಯ ಪ್ರಶ್ನೆಯನ್ನು ನಾವು ಮರೆಯುವುದೇ ಹೆಚ್ಚು. ಕಾರಣ, ಬೋರ್ಡಿನ ಮುಂದೆ ಕೂತಿರುವುದು ನಾವೊಬ್ಬರೇ. ಕೀಬೋರ್ಡ್ ನಮ್ಮದು, ಬೋರ್ಡು ನಮ್ಮದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದವರೂ ನಾವೇ. ಕೇಳುತ್ತಿರುವುದು ಬೇರೆ ಯಾರೋ ಆಗಿರಬಹುದೆಂದು ಹೊಳೆಯುವುದಾದರೂ ಹೇಗೆ?

ಕೇಳುತ್ತಿರುವವನು ಯಾರೆಂದು ವಿಚಾರಿಸುವ ಈ ವಿವೇಕ ಲಿನಕ್ಸಿಗೆ ಬಂದದ್ದು ಯುನಿಕ್ಸ್‌ನಿಂದ. ಬೆಲ್ ಲ್ಯಾಬ್ಸಿನಲ್ಲಿ 1969ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಅದಕ್ಕೆ ಕೈ ಹಾಕಿದಾಗ ಒಂದು ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವುದೇ ರೂಢಿ. ಆದ್ದರಿಂದ ಓಡುವ ಪ್ರತಿ ಪ್ರೋಗ್ರಾಮೂ ಒಬ್ಬನ ಹೆಸರಿನಲ್ಲಿ ಓಡುತ್ತದೆ, ಪ್ರತಿ ಫೈಲಿಗೂ ಒಬ್ಬ ಮಾಲೀಕ, ಒಂದು ಗುಂಪು. ಮಾಲೀಕನಿಗೆ, ಗುಂಪಿನವರಿಗೆ, ಉಳಿದವರಿಗೆ ಎಂದು ಮೂರು ಸಾಲು ಹಕ್ಕು: ಓದು, ಬರೆ, ಓಡಿಸು. ಇದರ ಮೇಲೆ ರಿಚಿ ಒಂದು ಜಾಣ ಉಪಾಯ ಸೇರಿಸಿದರು. ಕೆಲವು ಪ್ರೋಗ್ರಾಮುಗಳು ಕರೆದವನ ಹಕ್ಕಿನಲ್ಲಿ ಓಡದೆ ತಮ್ಮ ಮಾಲೀಕನ ಹಕ್ಕಿನಲ್ಲಿ ಓಡಲಿ ಎಂಬುದು. ಸಾಮಾನ್ಯ ಬಳಕೆದಾರ ತನ್ನ ಪಾಸ್‌ವರ್ಡ್ ಬದಲಿಸಿಕೊಳ್ಳಲು ಸಾಧ್ಯವಾಗುವುದು ಇದರಿಂದಲೇ. ಪಾಸ್‌ವರ್ಡುಗಳ ಫೈಲನ್ನು ಅವನು ಮುಟ್ಟುವಂತಿಲ್ಲ, ಅವನ ಪರವಾಗಿ ಮುಟ್ಟುವ ಪ್ರೋಗ್ರಾಮಿಗೆ ಮಾತ್ರ ಆ ಹಕ್ಕು. ಈ ಉಪಾಯಕ್ಕೆ 1973ರಲ್ಲಿ ಪೇಟೆಂಟಿಗೆ ಅರ್ಜಿ ಹೋಗಿ, 1979ರಲ್ಲಿ ಸಿಕ್ಕಿತು. ಆಮೇಲೆ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟರು.

ಒಬ್ಬನೇ ಬಳಸುವ ಪುಟ್ಟ ಬೋರ್ಡಿನಲ್ಲಿ ಈ ಜನಜಂಗುಳಿಯ ಕಾನೂನು ಯಾಕೆ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರವೇನೆಂದರೆ, ಬೋರ್ಡಿನಲ್ಲಿ ಒಬ್ಬನೇ ಇಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿನ ಹೊತ್ತಿನಲ್ಲಿ ಲ್ಯಾಬಿನಲ್ಲಿ ಸಾಮಾನ್ಯವಾಗಿ ನಡೆಯುವ ಮಾತುಕತೆ ಹೀಗಿರುತ್ತದೆ:

"ಮೇಡಂ, ಟರ್ಮಿನಲ್‌ನಲ್ಲಿ ಸರಿಯಾಗಿ ಓಡುತ್ತೆ. ಬೋರ್ಡ್ ಆನ್ ಆದ ತಕ್ಷಣ ತಾನಾಗೇ ಓಡ್ಲಿ ಅಂತ ಹಾಕಿದ್ರೆ ಮಾತ್ರ ಏನೂ ಆಗಲ್ಲ."

"ಯಾರಾಗಿ ಓಡ್ತಿದೆ?"

"ಅಂದ್ರೆ? ನಾನೇ ಅಲ್ವಾ ಮೇಡಂ ಓಡಿಸ್ತಿರೋದು?"

"ನೀನು ಓಡಿಸಿದಾಗ ನೀನು. ನೀನು ಮನೆಗೆ ಹೋದ ಮೇಲೆ?"

ಅಲ್ಲಿಗೆ ಒಂದು ಕ್ಷಣ ಮೌನ. ಆಮೇಲೆ 'ಐಡಿ' ಎಂಬ ಎರಡಕ್ಷರದ ಆದೇಶ ಟೈಪು ಮಾಡಿಸುತ್ತೇನೆ. ನೀನು ಯಾರು, ಯಾವ ಯಾವ ಗುಂಪಿನಲ್ಲಿದ್ದೀಯ ಎಂದು ಅದು ಪಟ್ಟಿ ಕೊಡುತ್ತದೆ: ಜಿಪಿಐಒ, ಐ2ಸಿ, ಎಸ್‌ಪಿಐ, ವಿಡಿಯೊ, ಆಡಿಯೊ, ಡಯಲ್‌ಔಟ್. ಹುಡುಗರು ಆ ಪಟ್ಟಿಯನ್ನು ಬೆರಗಿನಿಂದ ನೋಡುತ್ತಾರೆ. ಇಷ್ಟು ದಿನ ಎಲ್ಇಡಿ ಹೊತ್ತಿಸಿದ್ದು, ಸೆನ್ಸರ್ ಓದಿದ್ದು ಈ ಸದಸ್ಯತ್ವಗಳ ಬಲದಿಂದ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಅದೇ ಆದೇಶವನ್ನು ತಾನಾಗಿ ಓಡುವ ಆ ಸ್ಕ್ರಿಪ್ಟಿನ ಮೊದಲ ಸಾಲಾಗಿ ಸೇರಿಸಿ, ಬಂದ ಪಟ್ಟಿಯನ್ನು ಒಂದು ಫೈಲಿಗೆ ಬರೆಸಿದರೆ ಬೇರೆಯೇ ಹೆಸರು, ಮೊಟಕಾದ ಪಟ್ಟಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ತೊಂದರೆ ಎಲ್ಲಿದೆಯೆಂದು ನಾನು ಹೇಳಬೇಕಾಗಿಯೇ ಬರುವುದಿಲ್ಲ.

ಗುಂಪಿಗೆ ಸೇರಿಸುವುದು ಒಂದು ಸಾಲಿನ ಕೆಲಸ, ಆದರೆ ಅದರಲ್ಲೂ ಎರಡು ಗುಂಡಿಗಳಿವೆ. ಯೂಸರ್‌ಮಾಡ್ ಆದೇಶದಲ್ಲಿ 'ಇರುವುದರ ಜೊತೆಗೆ ಸೇರಿಸು' ಎಂದು ಸೂಚಿಸುವ ಒಂದಕ್ಷರ ಬಿಟ್ಟುಹೋದರೆ, ಹೊಸ ಗುಂಪು ಬರುತ್ತದೆ, ಹಳೆಯವೆಲ್ಲ ಹೋಗುತ್ತವೆ, ರೂಟ್ ಆಗಿ ಓಡಿಸುವ ಹಕ್ಕು ಕೊಡುವ ಸುಡೊ ಗುಂಪೂ ಅದರೊಟ್ಟಿಗೆ. ಇನ್ನೊಂದು, ಸದಸ್ಯತ್ವ ಕೊಟ್ಟಾಕ್ಷಣ ಜಾರಿಗೆ ಬರುವುದಿಲ್ಲ. ಈಗಾಗಲೇ ಓಡುತ್ತಿರುವ ಪ್ರೋಗ್ರಾಮು ತಾನು ಹುಟ್ಟಿದ ಗಳಿಗೆಯ ಪಟ್ಟಿಯನ್ನೇ ಹಿಡಿದುಕೊಂಡಿರುತ್ತದೆ. ಬಳಕೆದಾರ ಲಾಗೌಟ್ ಆಗಿ ಮತ್ತೆ ಬರಬೇಕು, ಸರ್ವರಾದರೆ ಅದನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು. ಸರಿಯಾದ ಮದ್ದು ಕೊಟ್ಟು, ಗುಣವಾಗಲಿಲ್ಲವೆಂದು ಅದನ್ನು ಹಿಂತೆಗೆದುಕೊಂಡು, ತಪ್ಪು ಮದ್ದಿನತ್ತ ಹೊರಳುವ ಜಾಗ ಇದು.

ತಪ್ಪು ಮದ್ದು ಯಾವುದೆಂದು ಈ ದಾರಿಯಲ್ಲಿ ನಡೆದವರಿಗೆಲ್ಲ ಗೊತ್ತು: ಸುಡೊ. ಮುಂದೆ ಅದೊಂದು ಪದ ಸೇರಿಸಿದರೆ ಎಲ್ಲವೂ ರೂಟ್ ಹೆಸರಿನಲ್ಲಿ ಓಡುತ್ತದೆ, ಎಲ್ಲ ಬಾಗಿಲೂ ತೆರೆಯುತ್ತದೆ. ಪೈಯಲ್ಲಂತೂ ಬಹುಕಾಲ ಅದು ಪಾಸ್‌ವರ್ಡನ್ನೂ ಕೇಳುತ್ತಿರಲಿಲ್ಲ. ಅದರ ತಮ್ಮ 777 ಎಂಬ ಪರ್ಮಿಶನ್ ಸಂಖ್ಯೆ: ಮಾಲೀಕನಿಗೂ ಗುಂಪಿಗೂ ಊರಿಗೂ ಎಲ್ಲ ಹಕ್ಕು. ಇವೆರಡೂ ಕೆಲಸ ಮಾಡುತ್ತವೆ, ಅದೇ ಅವುಗಳ ಕೇಡು. ಸುಡೊ ಹಾಕಿದೊಡನೆ ಓಡಿತು ಎಂದರೆ ತೊಂದರೆ ಪರ್ಮಿಶನ್ನಿನದು ಎಂದು ಗೊತ್ತಾಯಿತು, ರೋಗ ಪತ್ತೆಯಾಯಿತು. ಅಲ್ಲಿಗೆ ಸುಡೊದ ಕೆಲಸ ಮುಗಿಯಬೇಕು. ಪರೀಕ್ಷೆಗೆಂದು ಬಳಸಿದ್ದನ್ನು ಚಿಕಿತ್ಸೆಯೆಂದು ಉಳಿಸಿಕೊಂಡರೆ ಅದು ತನ್ನ ಹೆಜ್ಜೆಗುರುತು ಬಿಟ್ಟುಹೋಗುತ್ತದೆ. ರೂಟ್ ಹೆಸರಿನಲ್ಲಿ ಓಡಿದ ತಂತ್ರಾಂಶ ನಮ್ಮ ಮನೆಕೋಶದಲ್ಲಿ ತನ್ನ ಸೆಟ್ಟಿಂಗುಗಳನ್ನೋ ಪರವಾನಗಿಯ ಫೈಲನ್ನೋ ಬರೆದಿಟ್ಟರೆ, ಅದರ ಮಾಲೀಕ ರೂಟ್. ನಾಳೆ ಸುಡೊ ಇಲ್ಲದೆ ಅದೇ ತಂತ್ರಾಂಶ ತೆರೆದಾಗ ತನ್ನದೇ ಫೈಲನ್ನು ತಾನೇ ತಿದ್ದಲಾರದು, ಕೆಲವೊಮ್ಮೆ ಓದಲೂ ಆಗದು. ಪ್ರತಿ ಬಾರಿಯೂ 'ಆ್ಯಕ್ಟಿವೇಟ್ ಮಾಡಿ' ಎನ್ನುತ್ತದೆ. ಪ್ರತಿ ಬಾರಿಯೂ ಸುಡೊ ಹಾಕುತ್ತೇವೆ. ಆ ಕೋಶದಲ್ಲಿ ರೂಟ್ ಹೆಸರಿನ ಫೈಲುಗಳು ಹೆಚ್ಚುತ್ತಾ ಹೋಗುತ್ತವೆ.

ಬೋರ್ಡು ಮಾಡಿದವರು ಈ ಚಟವನ್ನು ಬಿಡಿಸಲು ಒಂದೊಂದೇ ಹೆಜ್ಜೆ ಇಟ್ಟಿದ್ದಾರೆ. ಮೊದಲು ಎಲ್ಇಡಿ, ಸೆನ್ಸರ್ ಜೋಡಿಸುವ ಪಿನ್ನುಗಳನ್ನು ಮುಟ್ಟಬೇಕೆಂದರೆ ಇಡೀ ಮೆಮೊರಿಯ ಬಾಗಿಲು ತೆರೆಯಬೇಕಿತ್ತು, ಅದಕ್ಕೆ ರೂಟ್ ಬೇಕಿತ್ತು. 2015ರ ಸುಮಾರಿಗೆ ಪಿನ್ನುಗಳಿಗಷ್ಟೇ ಸಂಬಂಧಿಸಿದ ಪುಟ್ಟ ಕಿಂಡಿಯೊಂದನ್ನು ಕೊರೆದು ಅದನ್ನು ಜಿಪಿಐಒ ಗುಂಪಿಗೆ ಒಪ್ಪಿಸಿದರು. ಎಲ್ಲ ಪೈಗಳಲ್ಲೂ ಒಂದೇ ಹೆಸರು, ಒಂದೇ ಪಾಸ್‌ವರ್ಡು ಇರುತ್ತಿದ್ದ ಕಾಲವೂ 2022ರ ಏಪ್ರಿಲಿಗೆ ಮುಗಿಯಿತು. ಈಗ ಹೆಸರನ್ನು ನಾವೇ ಇಟ್ಟುಕೊಳ್ಳಬೇಕು. ಹಳೆಯ ಪಾಠಪುಸ್ತಕದಲ್ಲಿರುವ, ಆ ಹಳೆಯ ಹೆಸರಿನ ಕೋಶದ ಮಾರ್ಗವನ್ನು ಹಾಗೇ ಟೈಪು ಮಾಡಿದವರಿಗೆ 'ಅಂಥ ಕೋಶವೇ ಇಲ್ಲ' ಎಂಬ ಉತ್ತರ ಬರುವುದು ಇದರಿಂದಲೇ.

ಇನ್ನೊಬ್ಬ ವೇಷಧಾರಿ ಇದ್ದಾನೆ: ಗಡಿಯಾರ. 2023ರ ಪೈ-5 ಬರುವ ತನಕ ಈ ಬೋರ್ಡುಗಳಲ್ಲಿ ಗಡಿಯಾರದ ಚಿಪ್ಪೇ ಇರಲಿಲ್ಲ. ಕರೆಂಟು ಹೋದರೆ ಹೊತ್ತು ಮರೆತುಹೋಗುತ್ತದೆ, ಇಂಟರ್‌ನೆಟ್ ಸಿಕ್ಕ ಮೇಲೆ ಯಾರನ್ನಾದರೂ ಕೇಳಿ ಸರಿಮಾಡಿಕೊಳ್ಳುತ್ತದೆ. ಅದಕ್ಕೂ ಮೊದಲು ಕೀಲಿ ಬೇಕಾದ ಯಾವುದಾದರೂ ತಂತ್ರಾಂಶ ಆ್ಯಕ್ಟಿವೇಶನ್ ಸರ್ವರನ್ನು ಮಾತಾಡಿಸಲು ಹೋದರೆ, ಸರ್ವರ್ ತೋರಿಸುವ ಪ್ರಮಾಣಪತ್ರದ ತಾರೀಕು ಬೋರ್ಡಿನ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಪ್ರಮಾಣಪತ್ರ ಸುಳ್ಳು ಎಂದು ತೀರ್ಮಾನವಾಗುತ್ತದೆ, ಸಂಪರ್ಕ ಕಡಿಯುತ್ತದೆ. ತೆರೆಯ ಮೇಲೆ ಕಾಣುವುದು 'ಆ್ಯಕ್ಟಿವೇಶನ್ ವಿಫಲ' ಎಂಬುದಷ್ಟೇ. ಕೀಲಿ ಸರಿಯಿದೆ, ಹಕ್ಕು ಸರಿಯಿದೆ, ಗಂಟೆ ತಪ್ಪಿದೆ.

ಇಷ್ಟು ಬಗೆಯ ತೊಂದರೆಗಳನ್ನು ವರ್ಷಗಳಿಂದ ನೋಡುತ್ತಾ ಬಂದಾಗ ಒಂದು ವಿಷಯ ನನಗೆ ಸ್ಪಷ್ಟವಾಗಿದೆ. ಇವೆಲ್ಲದರಲ್ಲೂ ಯಂತ್ರಕ್ಕೆ 'ತಿಳಿಯಲಾಗಲಿಲ್ಲ', ಅದು ಹೇಳಿದ್ದು 'ಇಲ್ಲ' ಎಂದು. ಕುತೂಹಲದ ಸಂಗತಿಯೆಂದರೆ ಯಂತ್ರದ ತಳದಲ್ಲಿ ಈ ಗೊಂದಲವೇ ಇಲ್ಲ. ಲಿನಕ್ಸಿನ ತಿರುಳಾದ ಕರ್ನೆಲ್ ಇಂಥ ವಿಷಯದಲ್ಲಿ ಬಹಳ ನಿಖರ. ಕೇಳಿದ ಫೈಲು ಅಲ್ಲಿಲ್ಲದಿದ್ದರೆ ಅದು 2 ಎಂಬ ದೋಷಸಂಖ್ಯೆ ಕೊಡುತ್ತದೆ. ಫೈಲು ಇದೆ, ನಿನಗೆ ಮಾತ್ರ ಇಲ್ಲ ಎನ್ನಬೇಕಾದರೆ 13. ಎಸ್‌ಟ್ರೇಸ್ ಎಂಬ ಸಲಕರಣೆ ಹಿಡಿದು ಪ್ರೋಗ್ರಾಮು ಕರ್ನೆಲ್ಲಿನೊಂದಿಗೆ ಆಡುವ ಒಂದೊಂದು ಮಾತನ್ನೂ ಕೇಳಿಸಿಕೊಂಡರೆ, ನೂರಾರು ಸಾಲುಗಳ ನಡುವೆ ಆ 13ರ ಸಾಲು ಸಿಕ್ಕೇಸಿಗುತ್ತದೆ. ಸತ್ಯ ಹೇಳಿಯಾಗಿತ್ತು. ಮೇಲಿನ ಪದರದವನು ಅದನ್ನು ಕೇಳಿಸಿಕೊಂಡು, ಹೌದು–ಅಲ್ಲ ಎಂಬ ಎರಡೇ ಖಾನೆಯಿರುವ ತನ್ನ ಪಟ್ಟಿಯಲ್ಲಿ 'ಅಲ್ಲ' ಎಂದು ಗುರುತು ಹಾಕಿಕೊಂಡ. ಅವನಿಗಿಂತ ಮೇಲಿನವನು ಆ ಗುರುತನ್ನು ಮಾತ್ರ ನೋಡಿದ. ಮೇಲೇರುತ್ತಾ ಏರುತ್ತಾ 13 ಎಂಬ ಅಂಕಿ ಉದುರಿಹೋಗಿ, ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ 'ಕೀಲಿ ತನ್ನಿ' ಆಗಿತ್ತು.

ಆ ತಂತ್ರಾಂಶ ಬರೆದವನನ್ನು ಪೂರ್ತಿ ದೂರುವ ಹಾಗೂ ಇಲ್ಲ. ಅವನ ಮೇಜಿನ ಮೇಲಿದ್ದ ಬೋರ್ಡಿನಲ್ಲಿ ಅವನೇ ಲಾಗಿನ್ ಆಗಿದ್ದ, ಅವನು ವಿಡಿಯೊ ಗುಂಪಿನಲ್ಲಿದ್ದ. ಅವನ ಲೋಕದಲ್ಲಿ ಉತ್ತರ ಬರಲಿಲ್ಲವೆಂದರೆ ಅದು ಪೈ ಅಲ್ಲ ಎಂದೇ ಅರ್ಥ. ತನ್ನಂತಲ್ಲದ ಒಬ್ಬ ಬಂದು ಇದೇ ಪ್ರಶ್ನೆ ಕೇಳಬಹುದೆಂದು ಅವನಿಗೆ ಹೊಳೆದಿರಲಿಲ್ಲ.

ಬೋರ್ಡಿನಾಚೆಗೂ ಇದು ನಡೆಯುತ್ತದೆ, ಅಲ್ಲಿ ಅದರ ಬೆಲೆ ಹೆಚ್ಚು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚಿನ ಯಂತ್ರದ ಮುಂದೆ ನಿಂತ ಅಜ್ಜಿಯ ಬೆರಳು ದುಡಿದು ದುಡಿದು ಸವೆದಿದೆ. ಯಂತ್ರಕ್ಕೆ ಗೆರೆ ಓದಲಾಗಲಿಲ್ಲ. ಅಥವಾ ಸಿಗ್ನಲ್ ಇರಲಿಲ್ಲ. ಆದರೆ ಅಂಗಡಿಯವನ ಬಾಯಲ್ಲಿ ಅದು "ನಿಮ್ಮದು ಬರ್ತಿಲ್ಲ ಅಜ್ಜಿ" ಎಂದಾಗುತ್ತದೆ. ಅಜ್ಜಿ ತನ್ನ ಕಾರ್ಡಿಗೆ ಏನೋ ಆಗಿದೆ, ಹೆಸರು ತೆಗೆದುಹಾಕಿದ್ದಾರೆ ಎಂದುಕೊಂಡು ತಾಲ್ಲೂಕು ಕಚೇರಿಯ ದಾರಿ ಹಿಡಿಯುತ್ತಾಳೆ. ಬದಲಿ ದಾರಿಗಳು ನಿಯಮದಲ್ಲಿದ್ದರೂ, ಇಲ್ಲಿ ನಿಂತುಹೋದದ್ದು ಹಕ್ಕೋ ಓದುವ ಯಂತ್ರವೋ ಎಂದು ಅವಳಿಗೆ ಹೇಳುವವರು ಬೇಕಲ್ಲ. ಲ್ಯಾಬಿನ ಹುಡುಗರಿಗಾದರೆ ಎಸ್‌ಟ್ರೇಸ್ ಇದೆ. ಆ ಅಜ್ಜಿಯ ಕೈಯಲ್ಲಿ 13ರ ಸಾಲನ್ನು ತೋರಿಸುವ ಯಾವ ಸಲಕರಣೆಯೂ ಇಲ್ಲ.

ಮ್ಯಾಥಮ್ಯಾಟಿಕಾ ತೊಂದರೆಗೆ ಮದ್ದು, ವೆಬ್ ಸರ್ವರಿನ ಬಳಕೆದಾರನನ್ನು ವಿಡಿಯೊ ಗುಂಪಿಗೆ ಸೇರಿಸಿ ಸರ್ವರನ್ನು ಮತ್ತೆ ಚಾಲೂ ಮಾಡುವುದು. ನನ್ನನ್ನು ಕೇಳಿದರೆ, ಆ ಒಂದು ಕೆಲಸಕ್ಕೆಂದೇ ಬೇರೆ ಬಳಕೆದಾರನನ್ನು ಮಾಡಿ ಅವನಿಗಷ್ಟೇ ಆ ಗುಂಪು ಕೊಡುವುದು ವಾಸಿ. ಹೊರಲೋಕದ ಮಾತು ಕೇಳುವ ಸರ್ವರಿಗೆ ಹೊಸ ಬಾಗಿಲು ತೆರೆದುಕೊಡುವುದು ಆದಷ್ಟು ಕಡಿಮೆಯಿರಲಿ.

ಪ್ರೋಗ್ರಾಮು ಬರೆಯುವ ಕನ್ನಡದ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ನೀವು ಬರೆದದ್ದು ಎಲ್ಲಾದರೂ 'ಆಗುವುದಿಲ್ಲ' ಎನ್ನಬೇಕಾಗಿ ಬಂದರೆ, ಯಾರ ಹೆಸರಿನಲ್ಲಿ ಯಾವ ಫೈಲನ್ನು ತೆರೆಯಲು ಹೋಗಿತ್ತು, ಅಲ್ಲಿ ಸಿಕ್ಕ ಉತ್ತರವೇನು ಎಂಬುದನ್ನೂ ಜೊತೆಗೆ ಹೇಳಿಸಿ. ಅಲ್ಲವೆಂದು ಗೊತ್ತಾದದ್ದಕ್ಕೂ ಗೊತ್ತೇ ಆಗದಿದ್ದದ್ದಕ್ಕೂ ಬೇರೆ ಬೇರೆ ಸಂದೇಶ ಇಡಿ. ಅದಕ್ಕೆ ಬೇಕಾದ ಮಾಹಿತಿಯನ್ನೆಲ್ಲ ಕರ್ನೆಲ್ ಆಗಲೇ ನಿಮ್ಮ ಕೈಗೆ ಕೊಟ್ಟಿರುತ್ತದೆ, ನೀವು ಬರೆಯಬೇಕಾದ್ದು ಇನ್ನೊಂದೆರಡು ಸಾಲು ಕೋಡ್ ಮಾತ್ರ.